ಕಡ್ಡಿಯುಂಡೆ

ಕನ್ನಡನಾಡಿನ ಮನೆಗಳಲ್ಲಿ ಉಂಡೆಯೆಂಬುದು ಒಂದು ತಿಂಡಿಯ ಹೆಸರಲ್ಲ, ಒಂದು ದೊಡ್ಡ ಮನೆತನದ ಹೆಸರು. ಎಳ್ಳುಂಡೆ, ರವೆಯುಂಡೆ, ಪುರಿಯುಂಡೆ, ಕಡಲೆಕಾಯಿಯುಂಡೆ, ಅಂಟಿನುಂಡೆ, ಚಿಗಳಿ, ತಂಬಿಟ್ಟು ಇವೆಲ್ಲ ಆ ಮನೆತನದ ಮಕ್ಕಳೇ. ಒಂದು ನಾಗರಪಂಚಮಿಗೆ ಹುಟ್ಟುತ್ತದೆ. ಒಂದು ಶಿವರಾತ್ರಿಗೆ ಹುಟ್ಟುತ್ತದೆ. ಮತ್ತೊಂದು ಬಾಣಂತಿಯ ಕೋಣೆಯಲ್ಲಿ ಹುಟ್ಟುತ್ತದೆ. ಹುಟ್ಟಿದ ಸಮಯ ಬೇರೆ, ರುಚಿ ಬೇರೆ. ಆದರೂ ಮೂರು ಲಕ್ಷಣಗಳು ಎಲ್ಲಕ್ಕೂ ಸಮಾನ. ಮೊದಲನೆಯದು ಪುಡಿ ಅಥವಾ ಕಾಳು, ಎರಡನೆಯದು ಅದನ್ನು ಹಿಡಿದು ನಿಲ್ಲಿಸುವ ಪಾಕ, ಮೂರನೆಯದು ಅಂಗೈ. ಮೊದಲಿನ ಎರಡನ್ನು ಅಂಗಡಿಯಿಂದ ತರಬಹುದು. ಮೂರನೆಯದನ್ನು ತರಲಾಗದು.

ಸಂಸ್ಕೃತದಲ್ಲಿ ಪಾಕವೆಂದರೆ ಅಡಿಗೆಯೆಲ್ಲವೂ ಹೌದು. ಕನ್ನಡದ ಗೃಹಿಣಿಯು ಆ ಶಬ್ದವನ್ನು ಮುಖ್ಯವಾಗಿ ಸಕ್ಕರೆ ಬೆಲ್ಲಗಳ ಹದಕ್ಕೆ ಮೀಸಲು ಮಾಡಿದಳು. ಇದರಲ್ಲಿ ಅವಳ ವಿವೇಕವೇ ಕಾಣುತ್ತದೆ. ಏಕೆಂದರೆ ಅಡಿಗೆಯಲ್ಲಿ ಕ್ಷಣಮಾತ್ರದಲ್ಲಿ ಕೈತಪ್ಪಿ ಹೋಗುವ ವಸ್ತು ಇದೊಂದೇ. ಎಳೆಪಾಕ ಬರುವ ಮುಂಚೆ ಇಳಿಸಿದರೆ ಉಂಡೆ ನಿಲ್ಲದು. ಬಂದ ಮೇಲೆ ತಡೆದರೆ ಉಂಡೆ ಕಲ್ಲಾಗುವುದು. ಪಾಕವನ್ನು ಕುರಿತು ಬರೆದವರು ನಮ್ಮಲ್ಲಿ ಇಲ್ಲದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದೊಳಗೆ ಅನ್ನಭೋಗಕ್ಕೆ ಒಂದು ಪ್ರಕರಣವನ್ನೇ ಕೊಟ್ಟನು. ಹದಿನಾರನೆಯ ಶತಮಾನದಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಕನ್ನಡ ಪದ್ಯಗಳಲ್ಲಿ ರಚಿಸಿದನು. ದ್ರವ್ಯಗಳ ಹೆಸರು, ಕ್ರಮ, ಯೋಗ ಇವನ್ನೆಲ್ಲ ಗ್ರಂಥವು ಹೇಳೀತು. ಹದವು ಮಾತ್ರ ಬೆರಳಿನ ವಿದ್ಯೆ. ಅದು ಕೈಯಿಂದ ಕೈಗೆ ದಾಟಬೇಕಾದುದು. ದಾಟಿಸುವ ಕೈಯೂ ಪಡೆಯುವ ಕೈಯೂ ಒಂದೇ ಒಲೆಯ ಮುಂದೆ ಕೂಡದೆ ಹೋದರೆ ಒಂದು ತಲೆಮಾರಿನಲ್ಲಿಯೇ ಆ ವಿದ್ಯೆ ಮುಗಿದುಹೋಗುತ್ತದೆ.

ಈಚಿನ ವರ್ಷಗಳಲ್ಲಿ ಈ ಮನೆತನದ ಬಾಗಿಲಿಗೆ ಒಬ್ಬ ಹೊಸ ನಂಟನು ಬಂದು ನಿಂತಿದ್ದಾನೆ. ಅವನ ಹೆಸರು ಕೇಕ್ ಪಾಪ್. ಹೆಸರನ್ನು ಕೇಳಿದೊಡನೆ ಪುಣ್ಯಪಾಪಗಳ ನೆನಪಾದರೆ ಅದು ವಾಚಕರ ದೋಷವಲ್ಲ. ಲಾಲಿಪಾಪ್ ಎಂಬ ಕಡ್ಡಿಯ ಮಿಠಾಯಿಯ ಹೆಸರಿನ ಬಾಲವನ್ನು ಕತ್ತರಿಸಿ ಇದಕ್ಕೆ ಅಂಟಿಸಿದ್ದಾರೆ, ಅಷ್ಟೆ. ಬೆಂದ ಕೇಕನ್ನು ಪುಡಿಮಾಡಿ, ಗಟ್ಟಿಹಾಲನ್ನೋ ಬೆಣ್ಣೆಸಕ್ಕರೆಯ ಕ್ರೀಮನ್ನೋ ಬೆರೆಸಿ, ಉಂಡೆ ಕಟ್ಟಿ, ಕಡ್ಡಿಗೆ ಸಿಕ್ಕಿಸಿ, ಕರಗಿದ ಚಾಕೊಲೇಟಿನಲ್ಲಿ ಅದ್ದಿ ತೆಗೆದರೆ ಅದು ಸಿದ್ಧವಾಗುತ್ತದೆ. ಅಮೆರಿಕದ ಜಾರ್ಜಿಯಾ ಪ್ರಾಂತದ ಆಂಜೀ ಡಡ್ಲಿ ಎಂಬಾಕೆ ಬೇಕರೆಲಾ ಎಂಬ ಹೆಸರಿನಿಂದ ೨೦೦೮ರಲ್ಲಿ ಇದನ್ನು ಜನಪ್ರಿಯಗೊಳಿಸಿದಳು. ೨೦೧೦ರಲ್ಲಿ ಆಕೆಯ ಪುಸ್ತಕ ಹೊರಬಂದಿತು. ೨೦೧೧ರಲ್ಲಿ ಸ್ಟಾರ್‌ಬಕ್ಸ್ ಎಂಬ ಕಾಫಿಯ ಸಂಸ್ಥೆಯು ಅಮೆರಿಕದ ತನ್ನ ಅಂಗಡಿಗಳಲ್ಲಿ ಇದನ್ನು ಮಾರತೊಡಗಿತು. ಅಂದರೆ ಈ ನಂಟನಿಗೆ ಇನ್ನೂ ಮೀಸೆ ಮೂಡುವ ವಯಸ್ಸು. ಆದರೆ ಪುಡಿ, ಪಾಕ, ಅಂಗೈ ಎಂಬ ಮೂರು ಲಕ್ಷಣಗಳೂ ಇವನಲ್ಲಿ ಇವೆಯಾದುದರಿಂದ ಕುಲಗೋತ್ರ ವಿಚಾರಿಸಿದವರಿಗೆ ಉತ್ತರ ಹೇಳುವುದು ಕಷ್ಟವಾಗದು.

ಈ ನಂಟನ ಸತ್ಕಾರವು ಕೆಂಪಾಪುರದ ಒಂದು ಮನೆಯಲ್ಲಿ ನಡೆದ ಬಗೆಯನ್ನು ಇಲ್ಲಿ ಹೇಳಬೇಕು. ಕೆಂಪಾಪುರವು ಬೆಂಗಳೂರಿನ ಉತ್ತರಕ್ಕೆ ಹೆಬ್ಬಾಳದ ಮಗ್ಗುಲಿನಲ್ಲಿರುವ ಊರು. ೨೦೦೩ರಲ್ಲಿ ಹೆಬ್ಬಾಳದ ಮೇಲ್ಸೇತುವೆ, ೨೦೦೮ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ಇವು ತೆರೆದ ಮೇಲೆ ಬಳ್ಳಾರಿ ರಸ್ತೆಯ ಅಕ್ಕಪಕ್ಕದ ಊರುಗಳ ಚಹರೆಯೇ ಬದಲಾಯಿತು. ಮನೆಯ ಮೇಲೆ ಮನೆ ಎದ್ದಿತು. ಒಂದೇ ಅಂತಸ್ತಿನಲ್ಲಿ ನಾಲ್ಕು ಭಾಷೆಗಳ ಸಂಸಾರಗಳು ಸೇರಿದುವು. ಅಂಥ ವಸತಿಗೃಹವೊಂದರ ನಾಲ್ಕನೆಯ ಅಂತಸ್ತಿನಲ್ಲಿ ಅರಸೀಕೆರೆಯ ಕಡೆಯಿಂದ ಬಂದ ಒಂದು ಕುಟುಂಬವಿದೆ. ಅಜ್ಜಿ, ಮಗ, ಸೊಸೆ, ಒಬ್ಬ ಮೊಮ್ಮಗಳು. ಮಗನೂ ಸೊಸೆಯೂ ನೌಕರಿಯಲ್ಲಿರುವವರು.

ಅಜ್ಜಿಯ ಕೈ ಒಂದು ಕಾಲಕ್ಕೆ ಅವರ ಬಳಗದಲ್ಲೆಲ್ಲ ಹೆಸರಾದುದು. ಅದರಲ್ಲಿಯೂ ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ. ಆ ಕೆಲಸವನ್ನು ನೋಡಿದವರಿಗೇ ಅದರ ಕಷ್ಟ ಗೊತ್ತು. ಸಕ್ಕರೆಗೆ ನೀರು ಹಾಕಿ ಕಾಯಿಸಿ, ತುಸು ಹಾಲು ಬಿಟ್ಟು ಕೊಳೆಯನ್ನು ಮೇಲೆಬ್ಬಿಸಿ ತೆಗೆದು, ಬಟ್ಟೆಯಲ್ಲಿ ಶೋಧಿಸಿ, ಮತ್ತೆ ಸ್ವಲ್ಪ ಸ್ವಲ್ಪವಾಗಿ ಒಲೆಯ ಮೇಲಿಟ್ಟು ಹದ ಬರಿಸಬೇಕು. ಹದ ಬಂದೊಡನೆ ಸೌಟಿನ ಬೆನ್ನಿನಿಂದ ಪಾತ್ರೆಯ ಮೈಗೆ ಉಜ್ಜಬೇಕು. ತಿಳಿಯಾಗಿದ್ದ ಪಾಕವು ಬೆಳ್ಳಗಾಗತೊಡಗಿದ ಆ ಕ್ಷಣದಲ್ಲಿಯೇ, ಮೊದಲೇ ನೀರಿನಲ್ಲಿ ನೆನೆಸಿ ದಾರ ಸುತ್ತಿ ನಿಲ್ಲಿಸಿದ ಮರದ ಅಚ್ಚಿಗೆ ಹೊಯ್ಯಬೇಕು. ಅರೆಗಳಿಗೆ ತಡವಾದರೆ ಪಾಕವೆಲ್ಲ ಪಾತ್ರೆಯಲ್ಲಿಯೇ ಪುಡಿಸಕ್ಕರೆ. ಹೀಗೆ ಹೊಯ್ದು ತೆಗೆದ ಗಿಳಿ, ಆನೆ, ತುಲಸಿಯ ಬೃಂದಾವನ ಇವುಗಳನ್ನು ಎಳ್ಳಿನೊಂದಿಗೆ ಮನೆಮನೆಗೂ ಬೀರುವುದು ಹಳೆಯ ಮೈಸೂರು ಸೀಮೆಯ ಪದ್ಧತಿ.

ಮೂರು ವರ್ಷಗಳ ಹಿಂದೆ ಅಜ್ಜಿ ಬಚ್ಚಲಿನಲ್ಲಿ ಜಾರಿಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬಲ ಕೂಡಲಿಲ್ಲ. ಉಜ್ಜುವ ಕೈ ಹೋದ ಮೇಲೆ ಮನೆಗೆ ಅಂಗಡಿಯ ಅಚ್ಚುಗಳು ಬಂದುವು. ಈಚೆಗೆ ಒಂದು ದಿನ ಅಟ್ಟವನ್ನು ಚೊಕ್ಕಟ ಮಾಡುವಾಗ ಮರದ ಅಚ್ಚುಗಳ ಡಬ್ಬಿಯು ಹಳೆಯ ಸಾಮಾನಿನವನಿಗೆ ಕೊಡುವ ಗುಂಪಿಗೆ ಸೇರಿತು. ಸೊಸೆಯು, “ಅತ್ತೆ, ಇದನ್ನು ಇಟ್ಟುಕೊಳ್ಳೋಣವೆ?” ಎಂದು ಕೇಳಿದಳು. ಅಜ್ಜಿಯು, “ಯಾರಿಗೆ ಬೇಕಮ್ಮ, ಕೊಟ್ಟುಬಿಡು” ಎಂದರು. ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ವಾಸಿಯಾಗಿತ್ತೇನೋ.

ಹೀಗಿರುವಲ್ಲಿ ಮೊಮ್ಮಗಳ ಒಂಬತ್ತನೆಯ ಹುಟ್ಟಿದ ಹಬ್ಬ ಬಂದಿತು. ಅವಳು ಗೆಳತಿಯ ಮನೆಯಲ್ಲಿ ಕೇಕ್ ಪಾಪನ್ನು ತಿಂದು ಬಂದಿದ್ದಳು. ಅದೇ ಬೇಕು, ಅದೂ ಮನೆಯಲ್ಲಿಯೇ ಮಾಡಬೇಕು ಎಂದು ಹಟ. ಕೊಳ್ಳುವುದೇ ಸುಲಭವೆಂದು ಸೊಸೆಗೆ ಗೊತ್ತಿತ್ತು; ಆದರೂ ಅವಳು ಒಪ್ಪಿದಳು. ಅದಕ್ಕೆ ಕಾರಣವುಂಟು. ಬಳ್ಳಾರಿ ರಸ್ತೆಯ ಹೆಬ್ಬಾಳದಲ್ಲಿ, ೧೯೬೪ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯದ ಆವರಣದೊಳಗೆ, ಬೇಕರಿ ತರಬೇತಿಯ ಕೇಂದ್ರವೊಂದಿದೆ. ಬ್ರೆಡ್ಡು, ಬಿಸ್ಕತ್ತು, ಕೇಕುಗಳ ತಯಾರಿಕೆಯನ್ನು ಅಲ್ಲಿ ಗೃಹಿಣಿಯರಿಗೂ ಕಲಿಸುತ್ತಾರೆ. ಮದುವೆಯಾದ ಹೊಸದರಲ್ಲಿ ಸೊಸೆ ಅಲ್ಲಿ ಕೆಲವು ದಿನ ಕಲಿತು ಒಂದು ನೋಟ್‌ಬುಕ್ಕನ್ನು ತುಂಬಿಸಿದ್ದಳು. ನೌಕರಿಯ ಗಡಿಬಿಡಿಯಲ್ಲಿ ಆ ವಿದ್ಯೆ ನೋಟ್‌ಬುಕ್ಕಿನಲ್ಲಿಯೇ ಉಳಿದಿತ್ತು.

ಮೊಟ್ಟೆ ಆ ಅಡಿಗೆಮನೆಗೆ ಬರುವ ಹಾಗಿಲ್ಲ. ಅದಕ್ಕೆ ಪರಿಹಾರವು ಮೊಸರು. ಒಂದೂವರೆ ಬಟ್ಟಲು ಮೈದಾಹಿಟ್ಟು, ಒಂದು ಬಟ್ಟಲು ಗಟ್ಟಿ ಮೊಸರು, ಮುಕ್ಕಾಲು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ಎಣ್ಣೆ, ಅರ್ಧ ಚಮಚ ಅಡಿಗೆಸೋಡ, ಒಂದು ಚಮಚಕ್ಕೆ ತುಸು ಹೆಚ್ಚಾಗಿ ಬೇಕಿಂಗ್ ಪೌಡರು. ಮೊಸರಿನ ಹುಳಿಯು ಸೋಡದೊಡನೆ ಕೂಡಿದಾಗ ಇಂಗಾಲದ ಡೈ ಆಕ್ಸೈಡು ಹುಟ್ಟಿ ಗುಳ್ಳೆ ಗುಳ್ಳೆಯಾಗಿ ಹಿಟ್ಟನ್ನು ಎತ್ತುತ್ತದೆ. ಮನೆಯಲ್ಲಿ ಬೇಯಿಸುವ ಪೆಟ್ಟಿಗೆಯಿರಲಿಲ್ಲ. ಕುಕ್ಕರಿನ ತಳದಲ್ಲಿ ಉಪ್ಪನ್ನು ಹರಡಿ, ರಬ್ಬರು ಬಳೆಯನ್ನೂ ಸೀಟಿಯನ್ನೂ ತೆಗೆದು, ನೀರಿಲ್ಲದೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರು. ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳು ಕೇಕನ್ನು ಮೊದಲು ಕಂಡದ್ದು ಹೀಗೆಯೇ. ಬೆಂದಿತೋ ಇಲ್ಲವೋ ಎಂದು ತಿಳಿಯಲು ಸೊಸೆ ಒಂದು ಕಡ್ಡಿಯನ್ನು ಚುಚ್ಚಿ ನೋಡಿದಳು. ಒಂದು ಅಗುಳನ್ನು ಹಿಸುಕಿ ಅನ್ನವೆಲ್ಲ ಬೆಂದಿತೆಂದು ತಿಳಿಯುವ ಸ್ಥಾಲೀಪುಲಾಕ ನ್ಯಾಯವೇ ಅಲ್ಲವೆ ಇದು?

ಅಲ್ಲಿಯವರೆಗೆ ಅಜ್ಜಿ ಹೊರಗಿನ ಕುರ್ಚಿಯಲ್ಲಿ ಕುಳಿತಿದ್ದರು. ಕೇಕು ಆರಿದ ಮೇಲೆ ಮೊಮ್ಮಗಳು ಅದನ್ನು ಪುಡಿಮಾಡಿ ಡಬ್ಬಿಯ ಗಟ್ಟಿಹಾಲನ್ನು ಸುರಿದಳು. ನಾಲ್ಕು ಚಮಚ ಸಾಕೆಂದು ನೋಟ್‌ಬುಕ್ಕಿನಲ್ಲಿತ್ತು. ಮಗುವಿನ ಕೈ ಅರ್ಧ ಡಬ್ಬಿಯನ್ನು ಸುರಿಯಿತು. ಕಟ್ಟಿದ ಉಂಡೆ ತಟ್ಟೆಯ ಮೇಲೆ ಕುಸಿದು ವಡೆಯಾಯಿತು. ಕಡ್ಡಿಗೆ ಸಿಕ್ಕಿಸಿದ್ದು ಮೆಲ್ಲಗೆ ಜಾರಿ ಬೆರಳಿಗೆ ಇಳಿಯಿತು.

“ಅಜ್ಜಿ, ಉಂಡೆ ನಿಲ್ಲುತ್ತಲೇ ಇಲ್ಲ!”

ಉಂಡೆಯೆಂಬ ಶಬ್ದವು ಕಿವಿಗೆ ಬಿದ್ದೊಡನೆ ಅಜ್ಜಿ ಎದ್ದು ಬಂದರು. ನೋಟ್‌ಬುಕ್ಕನ್ನು ನೋಡಲಿಲ್ಲ, ಪಾತ್ರೆಯಲ್ಲಿ ಎರಡು ಬೆರಳನ್ನು ಅದ್ದಿದರು.

“ಪಾಕ ಹೆಚ್ಚಾಯಿತು ಮಗು. ಪುಡಿ ಕೇಳುತ್ತಿದೆ.”

“ಎಷ್ಟು ಪುಡಿ?”

“ಅದು ಸಾಕೆನ್ನುವವರೆಗೆ.”

“ಅದು ಹೇಗೆ ಹೇಳುತ್ತೆ, ಅಜ್ಜಿ?”

ಹುರಿಗಡಲೆಯನ್ನು ಪುಡಿಮಾಡಿಸಿ ಒಂದೊಂದೇ ಹಿಡಿಯಾಗಿ ಬೆರೆಸುತ್ತ, ಪ್ರತಿಸಲವೂ ಒಂದು ತುತ್ತನ್ನು ಮಗುವಿನ ಅಂಗೈಯಲ್ಲಿಟ್ಟು ತಮ್ಮ ಕೈಯಿಂದ ಅದನ್ನು ಮುಚ್ಚಿದರು. “ಕೈಗೆ ಅಂಟಿದರೆ ಇನ್ನೂ ಬೇಕು ಅಂತ. ಅಂಟದೆ ಬಿರಿದರೆ ಹೆಚ್ಚಾಯಿತು ಅಂತ. ಅಂಟದೆ, ಬಿರಿಯದೆ, ಮೈಯೆಲ್ಲ ನುಣ್ಣಗೆ ಬಂದರೆ ಸಾಕು ಅಂತ.” ನಾಲ್ಕನೆಯ ಹಿಡಿಯ ಮೇಲೆ ಮಗುವೇ, “ಅಜ್ಜಿ, ಸಾಕು ಅಂತಿದೆ!” ಎಂದು ಕೂಗಿತು. ಮೂರು ವರ್ಷಗಳಿಂದ ಆ ಮನೆಯಲ್ಲಿ ನಿಂತುಹೋಗಿದ್ದ ಪಾಠವೊಂದು ಪುನಃ ಪ್ರಾರಂಭವಾದುದು ಆಗಲೇ. ಉಂಡೆ ಕಟ್ಟುವುದಕ್ಕೆ ಮಣಿಕಟ್ಟಿನ ಬಲ ಬೇಡ. ಅಂಗೈಯ ಅರಿವು ಸಾಕು. ತಲಾ ಇಪ್ಪತ್ತೈದು ಗ್ರಾಮಿನಷ್ಟು ತೂಗುವ ಇಪ್ಪತ್ತನಾಲ್ಕು ಉಂಡೆಗಳಾದುವು.

ಆದರೆ ಅಜ್ಜಿಯೇ ಎಲ್ಲವನ್ನೂ ಬಲ್ಲವರೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲನ್ನಿಟ್ಟು ಚಾಕೊಲೇಟನ್ನು ಕರಗಿಸುವಾಗ ಅವರು ವಾಡಿಕೆಯಂತೆ ಸೌಟನ್ನು ತೊಳೆದು ಹಾಗೆಯೇ ಅದ್ದಿದರು. “ಬೇಡ ಅಜ್ಜಿ, ನೀರು!” ಎಂದು ಮಗು ಕೂಗುವಷ್ಟರಲ್ಲಿ ಎರಡು ಹನಿ ಬಿದ್ದಿತ್ತು. ಬೆಣ್ಣೆಯಂತೆ ಹರಿಯುತ್ತಿದ್ದ ಚಾಕೊಲೇಟು ನೋಡುತ್ತಿದ್ದ ಹಾಗೆ ಗಂಟುಗಂಟಾಗಿ ಒರಟಾಯಿತು. ಸಕ್ಕರೆಯ ಪಾಕಕ್ಕೆ ನೀರೇ ಜೀವ. ಚಾಕೊಲೇಟಿಗೆ ನೀರೇ ಶತ್ರು. ಅದರಲ್ಲಿರುವುದು ಕೊಬ್ಬು, ಅದರೊಳಗೆ ಒಣಗಿದ ಸಕ್ಕರೆಯ ಮತ್ತು ಕೋಕೋವಿನ ಕಣಗಳು. ಎರಡು ಹನಿ ನೀರು ಬಿದ್ದರೆ ಒದ್ದೆಯಾದ ಕಣಗಳು ಒಂದಕ್ಕೊಂದು ಅಂಟಿಕೊಂಡು ಹರಿಯುವ ಗುಣ ಹೋಗುತ್ತದೆ. ಕೆಟ್ಟದ್ದನ್ನು ಚೆಲ್ಲಲಿಲ್ಲ, ಬಿಸಿಹಾಲನ್ನು ಧಾರಾಳವಾಗಿ ಬೆರೆಸಿ ಮೂವರೂ ಕುಡಿದರು. ಅಜ್ಜಿ ಕಲಿಸಿದುದು ಒಂದಾದರೆ ಮೊಮ್ಮಗಳಿಂದ ಕಲಿತುದು ಇನ್ನೊಂದು. ಹೀಗೆ ಲೆಕ್ಕ ಸರಿಹೋದುದರಿಂದಲೇ ಆ ದಿನದ ಕೆಲಸದಲ್ಲಿ ಯಾರಿಗೂ ಸಂಕೋಚವಾಗಲಿಲ್ಲ.

ಈ ಭೇದದ ಒಳಗೂ ಒಂದು ಸಾಮ್ಯವುಂಟು. ಪಾಕವನ್ನು ಉಜ್ಜಿ ಬೆಳ್ಳಗೆ ಮಾಡುವುದೆಂದರೆ ಸಕ್ಕರೆಯಲ್ಲಿ ಅತಿ ಸಣ್ಣ ಹರಳುಗಳನ್ನು ಒಮ್ಮೆಲೆ ಹುಟ್ಟಿಸುವುದು. ಅಪ್ಪಟ ಚಾಕೊಲೇಟಿನ ಕೋಕೋಬೆಣ್ಣೆಯೂ ಹರಳುಗಟ್ಟುವ ವಸ್ತು. ಅದು ಹಲವು ರೂಪಗಳಲ್ಲಿ ಹೆಪ್ಪುಗಟ್ಟಬಲ್ಲುದು, ಆದರೆ ಹೊಳಪೂ ಪಟ್ಟೆಂದು ಮುರಿಯುವ ಗುಣವೂ ಇರುವ ರೂಪ ಒಂದೇ. ಆದಕಾರಣ ಬಲ್ಲವರು ಕಪ್ಪು ಚಾಕೊಲೇಟನ್ನು ಸುಮಾರು ೪೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗಿಸಿ, ೨೭ಕ್ಕೆ ಇಳಿಸಿ, ಮತ್ತೆ ೩೧-೩೨ಕ್ಕೆ ಏರಿಸಿ, ಕಲಕುತ್ತಲೇ ಹದ ಮಾಡುತ್ತಾರೆ. ಮನೆಗಳಲ್ಲಿ ಬಳಸುವ ಕಾಂಪೌಂಡು ಚಾಕೊಲೇಟಿನಲ್ಲಿ ಕೋಕೋಬೆಣ್ಣೆಗೆ ಬದಲಾಗಿ ಬೇರೆ ಸಸ್ಯದ ಕೊಬ್ಬು ಇರುವುದರಿಂದ ಈ ತೊಡಕಿಲ್ಲ. ರುಚಿಯಲ್ಲಿ ಒಂದು ಮೆಟ್ಟಿಲು ಕೆಳಗಾದರೂ ಹೊಸಬರ ಕೈಗೆ ಅದೇ ಹಿತ.

ಉಂಡೆಗಳನ್ನು ಅರ್ಧ ಗಂಟೆ ತಣ್ಣಗಿಟ್ಟು, ಕಡ್ಡಿಯ ತುದಿಯನ್ನು ಮೊದಲು ಚಾಕೊಲೇಟಿನಲ್ಲಿ ಅದ್ದಿ ಅರ್ಧದವರೆಗೆ ಚುಚ್ಚಿದರು. ಅದು ಬೆಸುಗೆಯ ಹಾಗೆ ಹಿಡಿದುಕೊಂಡಿತು. ಬಳಿಕ ಉಂಡೆಯನ್ನು ನೆಟ್ಟಗೆ ಮುಳುಗಿಸಿ ಎತ್ತಿ, ಬಟ್ಟಲಿನ ಅಂಚಿಗೆ ಕೈಯನ್ನು ಮೆಲ್ಲನೆ ತಟ್ಟಿ ಹೆಚ್ಚಿನದನ್ನು ಇಳಿಸಬೇಕು. ಉಂಡೆ ಮಂಜುಗಡ್ಡೆಯಂತೆ ಹೆಪ್ಪುಗಟ್ಟಿದ್ದರೆ ಮೇಲಿನ ಲೇಪ ಸೀಳುತ್ತದೆ. ಒಳಗಿನದು ಬಿಸಿಯೇರಿ ಹಿಗ್ಗುತ್ತದೆ, ಹೊರಗಿನದು ತಣಿದು ಕುಗ್ಗುತ್ತದೆ. ಎರಡು ಉಂಡೆಗಳು ಹೀಗೆ ಸೀಳಿದುವು. ಕಡ್ಡಿಗಳನ್ನು ನಿಲ್ಲಿಸುವುದಕ್ಕೆ ತರಕಾರಿಯವನಿಂದ ತಂದ ಬಾಳೆದಿಂಡಿನ ಒಂದು ತುಂಡು ಸಾಕಾಯಿತು. ಮರುದಿನ ಅದೇ ದಿಂಡು ಪಲ್ಯವಾಯಿತು.

ಅಲಂಕಾರದ ಮಾತು ಉಳಿಯಿತು. ಪೇಟೆಯಲ್ಲಿ ಬಣ್ಣಬಣ್ಣದ ಸಕ್ಕರೆಮಣಿಗಳು ಸಿಕ್ಕುತ್ತವೆ. ಅಜ್ಜಿ ಅವನ್ನು ತರಿಸಗೊಡದೆ, ಸಂಕ್ರಾಂತಿಯ ಎಳ್ಳಿಗೆ ಬೆರೆಸಿ ಉಳಿದಿದ್ದ ಜೀರಿಗೆ ಪೆಪ್ಪರಮೆಂಟಿನ ಡಬ್ಬಿಯನ್ನು ತೆಗೆದರು. ಇವೆರಡೂ ಒಂದೇ ವಿದ್ಯೆಯ ಕೂಸುಗಳು. ಒಂದು ಕಾಳನ್ನು ಬಿಸಿ ಬಾಣಲೆಯಲ್ಲಿ ಉರುಳಿಸುತ್ತ ಪಾಕವನ್ನು ಹನಿಹನಿಯಾಗಿ ಚಿಮುಕಿಸಿ ಪದರದ ಮೇಲೆ ಪದರ ಕಟ್ಟುವುದು ಅದರ ಗುಟ್ಟು. ಯೂರೋಪಿನವರು ಸೋಂಪಿನ ಕಾಳಿಗೆ ಹೀಗೆ ಸಕ್ಕರೆ ಹೊದಿಸಿದರು. ನಮ್ಮವರು ಎಳ್ಳಿಗೆ ಹೊದಿಸಿ ಕುಸುರೆಳ್ಳು ಮಾಡಿದರು. ಇನ್ನು ಮುಖ ಬರೆಯುವ ಕೆಲಸ. ಕಾಗದದ ಕೊಳವೆಯಲ್ಲಿ ಬಿಳಿಯ ಚಾಕೊಲೇಟನ್ನು ತುಂಬಿ ಗೆರೆ ಎಳೆಯಲು ಹೋದರೆ ಅಜ್ಜಿಯ ಕೈ ನಡುಗಿತು. ಒಂದು ಕ್ಷಣ ಸುಮ್ಮನಿದ್ದು, ಗೆರೆಯನ್ನು ಬಿಟ್ಟು ಚುಕ್ಕಿ ಇಡತೊಡಗಿದರು. ರಂಗೋಲಿಯ ಚುಕ್ಕಿ! ಚುಕ್ಕಿಗೆ ನಡುಗುವ ಕೈಯಾದರೂ ಸರಿ. ಮುಟ್ಟಿ ಎತ್ತಿದರೆ ಆಯಿತು. ಚುಕ್ಕಿಗಳನ್ನು ಸುತ್ತಿ ಬರುವ ಎಳೆಯನ್ನು ಮಗು ಎಳೆಯಿತು. ಕಣ್ಣಿಗೆ ಕರಿಯ ಎಳ್ಳನ್ನಿಟ್ಟ ಹಲವು ಉಂಡೆಗಳು ನಗುತ್ತಿದ್ದುವು. ಒಂದೆರಡು ಮಾತ್ರ ಕಾರಣವಿಲ್ಲದೆ ಸಿಟ್ಟುಗೊಂಡಿದ್ದುವು. ಕೇಕ್ ಪಾಪ್ ಎಂಬ ಹೆಸರು ಅಜ್ಜಿಯ ನಾಲಗೆಯಲ್ಲಿ ಕಡ್ಡಿಯುಂಡೆಯಾಯಿತು. ಆ ಮನೆಯಲ್ಲಿ ಈಗ ಅದೇ ಹೆಸರು.

ಇದೆಲ್ಲ ಪರದೇಶದ ತಿಂಡಿ, ನಮಗೇತಕ್ಕೆ ಎನ್ನುವವರು ಇದ್ದಾರೆ. ಅವರು ಒಂದು ಸಂಗತಿಯನ್ನು ಯೋಚಿಸಬೇಕು. ಶರ್ಕರಾ ಎಂಬ ನಮ್ಮ ಶಬ್ದವೇ ಪಾರಸಿ, ಅರಬ್ಬಿಗಳನ್ನು ದಾಟಿ ಇಂಗ್ಲಿಷಿನವರ ಷುಗರ್ ಆಯಿತು, ಖಂಡವೇ ಕ್ಯಾಂಡಿಯಾಯಿತು. ಕೋಕೋ ಅಮೆರಿಕದ ಗಿಡವಾದರೂ ಇಂದು ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಬೆಳೆಯುತ್ತದೆ. ೧೯೭೩ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ, ಕೋಕೋವಿನ ಬೆಲೆ ಕುಸಿದ ಕಾಲದಲ್ಲಿ ರೈತರಿಂದ ಅದನ್ನು ಕೊಂಡು, ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ಸ್ಥಾಪಿಸಿತು. ಬಂದ ನಂಟನು ಹೊಲದಲ್ಲಿಯೂ ದುಡಿಯುತ್ತಿರುವಾಗ ಅವನನ್ನು ಹೊರಗಿನವನೆನ್ನುವುದು ಹೇಗೆ? ಸಕ್ಕರೆ ಅತಿಯಾಗುವುದಲ್ಲವೆ ಎನ್ನುವವರ ಮಾತಿನಲ್ಲಿ ಹೆಚ್ಚು ಸತ್ಯವಿದೆ. ಸೇರಿಸಿದ ಸಕ್ಕರೆಯಂಥವು ದಿನದ ಆಹಾರಶಕ್ತಿಯ ಹತ್ತರಲ್ಲಿ ಒಂದು ಪಾಲಿಗಿಂತ ಕಡಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ತಿಳಿಸಿತು. ಕಡ್ಡಿಯುಂಡೆಯ ಒಂದು ಗುಣವೆಂದರೆ ಅದಕ್ಕೆ ಮಿತಿಯುಂಟು: ಒಬ್ಬರಿಗೆ ಒಂದು ಕಡ್ಡಿ. ತೀರ ಎಳೆಯ ಮಕ್ಕಳಿಗೆ ಮಾತ್ರ ಕಡ್ಡಿಯನ್ನು ತೆಗೆದು, ಪುಡಿಮಾಡಿಯೇ ಕೊಡಬೇಕು.

ಅಂದು ಸಂಜೆ ಸೀಳಿದ ಎರಡನ್ನು ಮನೆಯವರು ತಿಂದು ಮಿಕ್ಕ ಇಪ್ಪತ್ತೆರಡನ್ನು ಗೆಳತಿಯರಿಗೂ ನೆರೆಹೊರೆಗೂ ಹಂಚಿದರು. ತಮಿಳರ ಮನೆಯಿಂದ ತಟ್ಟೆಯು ನಾಲ್ಕು ನಿಂಬೆಹಣ್ಣುಗಳೊಡನೆ ಹಿಂದಿರುಗಿತು; ಬಂಗಾಳಿಗಳ ಮನೆಯಿಂದ ಒಂದು ಬಟ್ಟಲು ಪಾಯಸ ಬಂದಿತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಕಳುಹಿಸಬಾರದೆಂಬ ಧರ್ಮಕ್ಕೆ ಭಾಷೆಯ ಹಂಗಿಲ್ಲ.

ಹಳೆಯ ಸಾಮಾನಿನವನು ಬರುವುದಕ್ಕೆ ಮುಂಚೆ ಮಗು ಆ ಡಬ್ಬಿಯನ್ನು ತೆರೆದು, “ಇದರಲ್ಲಿ ಏನು ಹೊಯ್ಯುತ್ತಿದ್ದೆ, ಅಜ್ಜಿ?” ಎಂದು ಕೇಳಿತ್ತು. ಆ ಪ್ರಶ್ನೆಯಿಂದಾಗಿ ಡಬ್ಬಿ ಮನೆಯಲ್ಲಿ ಉಳಿಯಿತು. ಮುಂದಿನ ಸಂಕ್ರಾಂತಿಗೆ ಸೌಟು ಮೊಮ್ಮಗಳ ಕೈಯಲ್ಲಿತ್ತು. ಅಜ್ಜಿ ಪಕ್ಕದಲ್ಲಿ ನಿಂತು ಪಾಕವನ್ನೇ ನೋಡುತ್ತ, “ಉಜ್ಜು, ಇನ್ನೂ ಉಜ್ಜು… ಈಗ ಹೊಯ್ಯಿ” ಎನ್ನುತ್ತಿದ್ದರು. ಮೊದಲಿನ ಪಾಕ ಪಾತ್ರೆಯಲ್ಲಿಯೇ ಪುಡಿಸಕ್ಕರೆಯಾಯಿತು. ಎರಡನೆಯದರಲ್ಲಿ ಆರು ಅಚ್ಚುಗಳು ಎದ್ದು ಬಂದುವು. ಗಿಳಿಗೆ ಕೊಕ್ಕಿರಲಿಲ್ಲ, ಆನೆಗೆ ಒಂದು ಕಾಲು ಕಡಮೆ. ಎಳ್ಳಿನ ತಟ್ಟೆಯಲ್ಲಿ ಅಂಗಡಿಯ ಅಚ್ಚುಗಳನ್ನು ಹಿಂದಕ್ಕೆ ಸರಿಸಿ ಅಜ್ಜಿಯು ಆ ಆರನ್ನೂ ಮುಂದೆ ಜೋಡಿಸಿದರು.